ಮಗ್ಗದ ಎಣ್ಣೆ ಕುಡಿದ ವ್ಯಾನು

ಬನಹಟ್ಟಿ, 9 ನವೆಂಬರ್ 1993, ಮಂಗಳವಾರ

ಮೂರು ತಿಂಗಳು ಮುಚ್ಚಿಟ್ಟಿದ್ದೆ: ಸಾಹುಕಾರರ ಹಳೆಯ ವಿದೇಶಿ ಡೀಸೆಲ್ ವ್ಯಾನಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಇಳಿದಾಗ, ಕೈಗೆ ಸಿಕ್ಕ ಪವರ್‌ಲೂಮಿನ ಎಣ್ಣೆ ಸುರಿದವನು ನಾನೇ. ಸುಳ್ಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಂದಿನಿಂದ ವ್ಯಾನು ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜಾರಿ, ಆಮೇಲೆ ಒದೆಯುತ್ತಿತ್ತು.

ಬೆಳಿಗ್ಗೆ ಸಾಹುಕಾರ ತಾತ್ಯಾಸಾಹೇಬರು ಅದನ್ನು ಗುಜರಿಗೆ ಹಾಕುತ್ತೇನೆಂದರು. ತಡೆಯಲಾಗದೆ ಹೇಳಿಬಿಟ್ಟೆ. ಡ್ರೈವರ್ ಕೆಲಸ ಹೋಯಿತೆಂದೇ ತಿಳಿದೆ. ಅವರು ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸಿ, ನನ್ನ ಹೆಸರು ಹಿಡಿದು ಕೇಳಿದರು.

“ಸಾಲಿ ಬಿಟ್ಟಿ, ಮಗ್ಗ ಬಿಟ್ಟಿ, ಮಗ್ಗದ ಎಣ್ಣಿ ಮಾತ್ರ ಬಿಡಲಿಲ್ಲಲೇ ಬಾಳು?”

“ತಪ್ಪಾತ್ರಿ. ನಾನs ಬಸಿತೇನ್ರಿ.”

ಮುಧೋಳದಿಂದ ಸರಿಯಾದ ಎಣ್ಣೆ ತಂದು, ಹಳೆಯದನ್ನು ಬಸಿದು, ಫಿಲ್ಟರ್ ಬದಲಿಸಿದೆ. ಸಂಜೆ ಜಮಖಂಡಿ ರಸ್ತೆಯಲ್ಲಿ ಸಾಹುಕಾರರು ಅರ್ಧ ಕಪ್ ಚಹಾ ಹಿಡಿದು ಪಕ್ಕದಲ್ಲಿ ಕುಳಿತರು. ಮೂರನೇ ಗೇರು ಬಿದ್ದಾಗ ಒಂದು ಹನಿಯೂ ಚೆಲ್ಲಲಿಲ್ಲ. ಚಹಾ ನನಗೇ ಕೊಟ್ಟರು.

ಇನ್ನೂ ನಗು ಬರುತ್ತಿದೆ. ನಾಳೆ ಅದೇ ವ್ಯಾನಿನಲ್ಲಿ ಸೀರೆ ತುಂಬಿಕೊಂಡು ಸೊಲ್ಲಾಪುರಕ್ಕೆ ಹೊರಡುತ್ತೇನೆ.