ಮನೆಗೆ ಹೊಲಿದ ಅಸ್ತರು

ಮನೆಯಿಂದ, ಹೊಲಿಗೆ ಮಿಷನ್ನಿನ ಮುಂದೆ ಕೂತು
ಜನವರಿ 17, ಬುಧವಾರ

ನನ್ನ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಎಷ್ಟು ಇಳಿದಿದೆ? "ಚೆನ್ನಾಗಿದ್ದೀನಿ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ನಿಮ್ಮ "ಚೆನ್ನಾಗಿದ್ದೀನಿ" ನನಗೆ ಗೊತ್ತು, ನಾಲ್ಕು ತಿಂಗಳ ಹಿಂದೆ ಆಂಬುಲೆನ್ಸಿಗೆ ಎತ್ತುವಾಗಲೂ ಅದನ್ನೇ ಹೇಳುತ್ತಿದ್ದಿರಿ. ನಿದ್ದೆ ಬರುತ್ತದೆಯೇ, ಉಸಿರೆಳೆಯುವ ಆ ಡಬ್ಬಿಯಲ್ಲಿ ಮೂರನೇ ಚೆಂಡು ಮೇಲೇಳುತ್ತದೆಯೇ, ಆ ಆರೈಕೆ ಮನೆಯಲ್ಲಿ ಸ್ನಾನಕ್ಕೆ ಬಿಸಿನೀರು ಈಗಲೂ ವಾರಕ್ಕೆ ಎರಡೇ ಸಲವೇ, ಎಲ್ಲ ಬಿಡಿಸಿ ಬರೆಯಿರಿ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ನಿಮ್ಮಕ್ಕನಿಗೆ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ನಿಮ್ಮ ಹಿಂದಿನ ಕಾಗದ ಓದಿ ಮಡಚಿ ಮಿಷನ್ನಿನ ಡ್ರಾಯರಿಗೆ ತುರುಕಿದೆ. ಒಂದು ಪ್ಯಾಂಟಿಗೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದೆ, ಅಷ್ಟು ಸಿಟ್ಟು. ಕಲ್ಲಿದ್ದಲಿನ ಧೂಳು ಬೇಡ, ಹೊಗೆ ಬೇಡ, ಬಿಸಿಯಿಂದ ಚಳಿಗೆ ಓಡಾಡಬಾರದು, ಮೆಟ್ಟಿಲು ಹತ್ತಬಾರದು ಎಂದರಂತೆ ಡಾಕ್ಟರಮ್ಮ. ಸರಿ. ಅದಕ್ಕೆ ನೀವು ಬರೆದದ್ದೇನು? "ಮನೆ ಕಾಯಿಸೋ ಬಾಯ್ಲರಿಗೆ ಕಲ್ಲಿದ್ದಲು ಹಾಕಲಾರದ ನಾನು ಆ ಮನೆಗೆ ಯಾಕೆ? ನೀನು ಬಕೆಟ್ ಹೊರೋದನ್ನ ಕೂತು ನೋಡಲಾರೆ. ಮಲಗೋಕೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಕೆಳಗಿರೋದು ನಿನ್ನ ಅಂಗಡಿ, ಅಕ್ಕನ ಕೋಣೆ, ಅವಳನ್ನ ಎಬ್ಬಿಸಿ ನಾನು ಮಲಗಲಾ? ಇಲ್ಲೇ ಇರ್ತೀನಿ, ಇಪ್ಪತ್ತೈದಕ್ಕೆ ಖಾಯಂ ಉಳಿಯೋ ಫಾರಂಗೆ ಸಹಿ ಹಾಕ್ತೀನಿ." ಮೂವತ್ತೆರಡು ವರ್ಷ ಸಂಸಾರ ಮಾಡಿ, ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ನಾಲ್ಕು ಸಾಲು ಗೀಚಿಬಿಟ್ಟಿರಲ್ಲ! ಮೆಟ್ಟಿಲಿನ ಮಾತು ಆಮೇಲೆ. ಮೊದಲು ಬಾಯ್ಲರಿನದು ಕೇಳಿ.

ನಾನು ನಿಮಗೆ ಸುಳ್ಳು ಹೇಳಿದ್ದೇನೆ. "ಬಾಯ್ಲರ್ ಹೇಗಿದೆ" ಎಂದು ಪ್ರತಿ ಕಾಗದದಲ್ಲೂ ಕೇಳಿದಿರಿ, ಹೆಂಡತಿಯ ಬೆನ್ನುನೋವನ್ನು ಒಂದು ಸಲವೂ ಕೇಳಲಿಲ್ಲ, ಇರಲಿ. "ಏನೂ ತೊಂದರೆ ಕೊಡುತ್ತಿಲ್ಲ" ಎಂದು ನಾನು ಬರೆಯುತ್ತಾ ಬಂದೆ. ತೊಂದರೆ ಕೊಡಲು ಅದು ಇಲ್ಲಿಲ್ಲ. ನವೆಂಬರಿನಲ್ಲೇ ಕಳಚಿ ತೆಗೆಸಿದೆ. ಕೂತುಕೊಂಡೇ ಓದುತ್ತಿದ್ದೀರಿ ತಾನೇ? ನಾವು ಮದುವೆಯಾದ ವರ್ಷ ನೀವು ನಿಮ್ಮ ಕೈಯಾರೆ ಕೂರಿಸಿದ್ದು ಅದು, ಈ ಬೀದಿಯ ಅರ್ಧ ಮನೆಗಳ ಬಾಯ್ಲರು ನಿಮ್ಮ ಕೈಯಲ್ಲೇ ಉಸಿರಾಡಿದ್ದು, ಎಲ್ಲ ಗೊತ್ತು. ಆದರೆ ನಿಮಗೋ ಅದಕ್ಕೋ ಒಬ್ಬರಿಗೇ ಈ ಮನೆಯಲ್ಲಿ ಜಾಗ ಎಂದಾದಾಗ ನನಗೆ ಯೋಚಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ತೆಗೆದವನು ಯಾರೆಂದು ಕೇಳಬೇಡಿ ಎನ್ನೋಣವೆಂದರೆ ಕೇಳಿಯೇ ಕೇಳುತ್ತೀರಿ. ಕುಳ್ಳ. ನಿಮ್ಮ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತು, ಬಾಯ್ಲರು ಬಿಟ್ಟು ಹೀಟ್ ಪಂಪು ಕೂರಿಸಲು ಹೋದನೆಂದು "ಫ್ರಿಡ್ಜ್ ರಿಪೇರಿಯವನೇ, ನನ್ನ ಹೊಸಿಲು ತುಳೀಬೇಡ" ಎಂದು ನೀವು ಓಡಿಸಿದಿರಲ್ಲ, ಅದೇ ಕುಳ್ಳ. ಆರು ವರ್ಷವಾದ ಮೇಲೂ ಬಾಗಿಲ ಹೊರಗೇ ನಿಂತ. "ಮೇಸ್ತ್ರಿ ಬಾ ಅಂದ್ರೆ ಮಾತ್ರ ಒಳಗೆ ಬರ್ತೀನಿ ಅಕ್ಕಾ" ಎಂದ. ಮೇಸ್ತ್ರಿಯ ಹೆಂಡತಿ ಕರೆದರೆ ಸಾಲದೇನೋ ಎಂದು ಗದರಿ ಒಳಗೆ ಎಳೆದುಕೊಂಡೆ. ಈಗ ಅವನ ತಲೆಕೂದಲೂ ನರೆತಿದೆ.

ಬಾಯ್ಲರಿನ ಬದಲಿಗೆ ಹಾಕುವ ಮಿಷನ್ನಿನ ಚಿತ್ರ ತೋರಿಸುತ್ತಾನೆ ಎಂದುಕೊಂಡರೆ ಅವನು ಕೇಳಿದ್ದು ಒಂದು ದಾರ. ಕಿಟಕಿಯ ಚೌಕಟ್ಟಿನ ಹತ್ತಿರ ಹಿಡಿದ, ಸಂದಿನಿಂದ ನುಗ್ಗುವ ಗಾಳಿಗೆ ದಾರ ನಡುಗಿತು. "ಮೊದಲು ಇದನ್ನ ನಿಲ್ಲಿಸಿ ಅಕ್ಕಾ. ತೂತು ಕೊಡಕ್ಕೆ ನೀರು ತುಂಬಿದ ಹಾಗೆ ಮೇಸ್ತ್ರಿ ಇಷ್ಟು ವರ್ಷ ಕಲ್ಲಿದ್ದಲು ಸುರಿದಿದ್ದಾರೆ" ಎಂದ. ನಿಮ್ಮನ್ನು ಅಂದದ್ದಕ್ಕೆ ಮೊದಲು ಉರಿಯಿತು. ಅವನು ಹೋದ ಮೇಲೆ ನಾನೇ ದಾರ ಹಿಡಿದು ಮನೆಯೆಲ್ಲ ಸುತ್ತಿದೆ. ಮೂವತ್ತೊಂದು ಕಡೆ ನಡುಗಿತು, ರೀ! ದಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಂದುಗಳಿಗೆಲ್ಲ ನಾನೇ ರಬ್ಬರ್ ಪಟ್ಟಿ ಅಂಟಿಸಿದೆ, ಬಾಗಿಲ ಅಡಿಗೆ ದಪ್ಪ ಬಟ್ಟೆಯ ಉರುಳೆ ಹೊಲಿದು ಇಟ್ಟೆ. ಆಮೇಲೆ ಅಟ್ಟ. ಅಲ್ಲಿ ಹೆಂಚಿನ ಕೆಳಗೆ ಬರೀ ಹಲಗೆ. ಮನೆ ಇಷ್ಟು ವರ್ಷ ಒಳಪದರದ ಅಸ್ತರಿಲ್ಲದ ಕೋಟು ಹಾಕಿಕೊಂಡು ಚಳಿಯಲ್ಲಿ ನಿಂತಿತ್ತು, ಕೋಟು ಹೊಲಿಯುವವಳಿಗೇ ಅದು ಹೊಳೆದಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಗ್ಗಿ, ಉಣ್ಣೆಯಂಥ ದಪ್ಪ ಚಾಪೆಗಳನ್ನು ಮೂಲೆಮೂಲೆಗೂ ಕತ್ತರಿಸಿ ಹಾಸಿದವಳು ನಾನು. ಕುಳ್ಳ ಹತ್ತಿ ನೋಡಿ, "ಅಕ್ಕಾ, ನನ್ನ ಹುಡುಗರು ಹೀಗೆ ಕತ್ತರಿಸಲ್ಲ" ಎಂದ. ಆವತ್ತು ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆಮೇಲೆಯೇ ಅವನು ಮಿಷನ್ನಿನ ಮಾತೆತ್ತಿದ್ದು. ಗ್ಯಾಸಿನ ಹೊಸ ಬಾಯ್ಲರು ಹಾಕಬಹುದು, ಆದರೂ ಮನೆಯೊಳಗೆ ಉರಿ ಉರಿಯೇ. ಸೂರ್ಯನ ಫಲಕ ಹಾಕಿದರೆ ಸ್ನಾನದ ನೀರಿಗಾಗುತ್ತದೆ, ಆದರೆ ಎದುರಿನ ಮೂರಂತಸ್ತಿನ ಕಟ್ಟಡ ನಮ್ಮ ಸೂರಿನ ಬಿಸಿಲನ್ನೆಲ್ಲ ನುಂಗಿ ಕೂತಿದೆ. ಉಳಿದದ್ದು ಹೀಟ್ ಪಂಪು. ಹಿತ್ತಲಲ್ಲಿ ಒಂದು ಪೆಟ್ಟಿಗೆ, ಅದರಲ್ಲೊಂದು ಫ್ಯಾನು. ಫ್ರಿಡ್ಜು ಒಳಗಿನ ಬಿಸಿಯನ್ನು ಹಿಂದಕ್ಕೆ ಎಸೆಯುವ ಹಾಗೆ ಇದು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ತರುತ್ತದಂತೆ. ಹೊರಗೆ ನೀರು ಹೆಪ್ಪುಗಟ್ಟಿದ್ದರೂ ಗಾಳಿಯಲ್ಲಿ ಒಂದಿಷ್ಟು ಬಿಸಿ ಇರುತ್ತದಂತೆ. ಒಂದು ಪಾಲು ಕರೆಂಟು ತಿಂದು ಮೂರು ಪಾಲು ಬಿಸಿ ಕೊಡುತ್ತದೆ. ಹಾಗಾದರೆ ನಿಮಗಿಂತ ವಾಸಿ, ನೀವು ಮೂರು ಪಾಲು ತಿಂದು ಒಂದು ಪಾಲು ಮಾತಾಡುವವರು. ದುಡ್ಡೆಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡಿ, ಸಾಲ ಮಾಡಿಲ್ಲ, ನನ್ನ ಹೊಲಿಗೆಯ ಉಳಿತಾಯ. ಬಿಸಿನೀರಿನ ಟ್ಯಾಂಕು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿತು. ಅಲ್ಲಿಂದ ಬಚ್ಚಲಿಗೆ ಹೋಗುವ ಪೈಪಿಗೆ ನಿಮ್ಮ ಹಳೇ ಖಾಕಿ ಕೋಟು ಬಿಚ್ಚಿ, ಒಳಗೆ ದಪ್ಪ ಉಣ್ಣೆಬಟ್ಟೆ ಕೊಟ್ಟು ತೋಳು ಹೊಲಿದಿದ್ದೇನೆ, ಮೊಣಕೈ ಸಮೇತ. ಅಂಗಡಿಯಲ್ಲಿ ಸಿಗುವ ಕವಚ ಪೈಪು ತಿರುಗುವ ಕಡೆ ಸರಿಯಾಗಿ ಕೂರುವುದಿಲ್ಲ, ನನ್ನದು ಕೂರುತ್ತದೆ.

ಇನ್ನು ನಿಮ್ಮಕ್ಕನ ಕಥೆ. ಮೊದಲನೇ ದಿನವೇ ಗೋಡೆಯ ಬಿಸಿನೀರಿನ ರೇಡಿಯೇಟರಿನ ಮೇಲೆ ಕೈಯಿಟ್ಟು, "ಅಯ್ಯೋ, ಇದು ಸತ್ತೇ ಹೋಗಿದೆ, ಕೈ ಚುರ್ರ್ ಅನ್ನಲ್ಲ!" ಎಂದು ಮನೆ ಕಿತ್ತುಹೋಗುವ ಹಾಗೆ ಕೂಗಿದರು. ನಿಮ್ಮ ಶಾಲು ಎಲ್ಲಿ ಅತ್ತಿಗೆ ಎಂದು ಕೇಳಿದೆ. "ಸೆಕೆ ಆಗ್ತಿತ್ತು, ತೆಗೆದಿಟ್ಟೆ" ಎಂದರು. ಈ ಮಿಷನ್ನು ನೀರನ್ನು ಕುದಿಸುವುದಿಲ್ಲ, ಹದವಾಗಿ ಕಾಯಿಸಿ ದಿನವಿಡೀ ಓಡಿಸುತ್ತದೆ, ನಿಧಾನವೇ ಪ್ರಧಾನ ಎಂದು ಕುಳ್ಳ ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಅದಿರಲಿ, ನಿಜವಾಗಿಯೂ ದಿನಾ ಬೆಳಗ್ಗೆ ಏಳುವಾಗ ಮನೆ ತಣ್ಣಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗುತ್ತಿತ್ತು. ಹನ್ನೆರಡು ದಿನ ಹೀಗೇ. ಕುಳ್ಳನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ, ನಿನ್ನನ್ನು ಓಡಿಸಿದ್ದು ಸರಿಯೇ ಇತ್ತು ಎಂದೂ ಅಂದುಬಿಟ್ಟೆ. ಪಾಪ, ಎರಡು ದಿನ ಬಂದು ಪೆಟ್ಟಿಗೆ ಬಿಚ್ಚಿ, ಪೈಪಿಗೆ ಕಿವಿಕೊಟ್ಟು, ಮೀಟರು ಹಿಡಿದು ಹುಡುಕಿದ, ಏನೂ ಸಿಗಲಿಲ್ಲ. ಮೂರನೇ ದಿನ ಅವನು ತಲೆ ಬಗ್ಗಿಸಿಕೊಂಡು ಮತ್ತೆ ಬಿಚ್ಚಲು ಕೂತಾಗ ನಿಮ್ಮಕ್ಕ ಗೋಡೆ ಹಿಡಿದುಕೊಂಡು ಬಂದರು. "ಅವನನ್ನ ಬೈಬೇಡ ಕಣೇ. ದಿನಾ ಮಲಗೋ ಮುಂಚೆ ನಾನೇ ಆರಿಸ್ತಿದ್ದೆ, ಬೆಳಗ್ಗೆ ಎದ್ದು ಹಾಕ್ತಿದ್ದೆ. ಮನೇಲಿ ಉರಿ ಇಟ್ಕೊಂಡು ಮಲಗಿದ್ರೆ ನನ್ ತಮ್ಮ ಬೈತಾನೆ" ಎಂದರು.

ರೀ, ನಿಮ್ಮದೇ ಮಾತು ಅದು. ನೀವಿಲ್ಲದ ಮನೆಯಲ್ಲಿ, ಬಾಯ್ಲರೂ ಇಲ್ಲದ ಮನೆಯಲ್ಲಿ, ಆ ಮುದುಕಿ ಮಂಡಿ ನೋಯಿಸಿಕೊಂಡು ದಿನಾ ನಿಮ್ಮ ಮಾತು ನಡೆಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನಗಲು ಹೋಗಿ ಅತ್ತೆ. ಕುಳ್ಳ ಟೋಪಿ ತೆಗೆದು ಮುಖ ಒರೆಸಿಕೊಂಡ. ಇದರಲ್ಲಿ ಉರಿಯೇ ಇಲ್ಲ ದೊಡ್ಡಕ್ಕಾ, ಮೇಸ್ತ್ರಿ ಬೈಯಲ್ಲ ಎಂದು ಹೇಳಿ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿ ಹೋದ. ಅವನ ಕೈಹಿಡಿದು ತಪ್ಪಾಯಿತು ಎಂದೆ. ಆವತ್ತಿನಿಂದ ಮನೆ ಬೆಳಗ್ಗೆಯೂ ಇಪ್ಪತ್ತು ಡಿಗ್ರಿ, ಸಂಜೆಯೂ ಇಪ್ಪತ್ತು ಡಿಗ್ರಿ, ಬಚ್ಚಲಲ್ಲೂ ಅಷ್ಟೇ. ಕರ್ಟನ್ನು ಒಗೆದರೆ ನೀರು ಕಪ್ಪಾಗುವುದಿಲ್ಲ. ಬಿಳಿ ಬಟ್ಟೆ ಹೊಲಿಯಲು ಈಗ ನನಗೆ ಹೆದರಿಕೆಯೇ ಇಲ್ಲ.

ಕೊನೆಗೊಂದು ಮಾತು, ಇದನ್ನು ಪಕ್ಕದ ಮಂಚದವರಿಗೂ ಓದಿ ಹೇಳಿ. ಇಂಥ ಮಿಷನ್ನಿಗೆ ದಪ್ಪ ಪೈಪು, ದೊಡ್ಡ ರೇಡಿಯೇಟರು ಬೇಕಂತೆ, ಎಷ್ಟೋ ಮನೆಗಳಲ್ಲಿ ಎಲ್ಲ ಕಿತ್ತು ಹೊಸದು ಹಾಕುತ್ತಾರಂತೆ. ನಮ್ಮ ಮನೆಯಲ್ಲಿ ಒಂದನ್ನೂ ಕೀಳಲಿಲ್ಲ. ನೀವು ಕೂರಿಸುವಾಗ ಜನ "ಇದೇನು, ಊರಿಗೆ ನೀರು ಬಿಡ್ತೀಯಾ" ಎಂದು ನಿಮ್ಮ ದಪ್ಪ ಪೈಪು ನೋಡಿ ನಕ್ಕಿದ್ದರಲ್ಲ, ಅದೇ ಪೈಪುಗಳು. ಕುಳ್ಳ ಒಂದೊಂದು ಜಾಯಿಂಟನ್ನೂ ಒತ್ತಡ ಕೊಟ್ಟು ನೋಡಿದ, ಒಂದು ತೊಟ್ಟೂ ಜಿನುಗಲಿಲ್ಲ. "ಮೂವತ್ತೆರಡು ವರ್ಷ! ಇದು ಮೇಸ್ತ್ರಿ ಕೈ ಅಕ್ಕಾ" ಎಂದು ಪೈಪು ಸವರಿದ. ನನಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಎದೆ ಕೆಡಿಸಿಕೊಂಡು ನಮ್ಮನ್ನು ಬೆಚ್ಚಗಿಟ್ಟವರು ನೀವು. ಈಗಲೂ ಬಿಸಿನೀರು ಓಡುವುದು ನೀವು ಹಾಕಿದ ದಾರಿಯಲ್ಲೇ. ಕಲ್ಲಿದ್ದಲು ಹಾಕದ ನಾನು ಆ ಮನೆಗೆ ಯಾಕೆ ಎಂದು ಇನ್ನೊಮ್ಮೆ ಬರೆದರೆ ಜಗಳವೇ.

ನಿಮ್ಮಕ್ಕ ಆಶೀರ್ವಾದ ಹೇಳಿದ್ದಾರೆ, ಕಿವಿ ಮುಚ್ಚಿಕೊಂಡು ಮಲಗಬೇಕಂತೆ. ಕುಳ್ಳ ನಮಸ್ಕಾರ ತಿಳಿಸಿದ್ದಾನೆ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮವಳು,
ದರ್ಜಿ

ಮತ್ತೆ: ಲಕೋಟೆ ಅಂಟಿಸುವವಳಿದ್ದೆ, ಮೆಟ್ಟಿಲಿನ ಮಾತು ಉಳಿದೇ ಹೋಯಿತು. ಬಾಯ್ಲರು ಹೋದ ಮೇಲೆ ಅದರ ಕೋಣೆ ಖಾಲಿ ಬಿತ್ತಲ್ಲ. ತೊಳೆದು, ಉಜ್ಜಿ, ಮೂರು ಕೈ ಸುಣ್ಣ ಹೊಡೆಸಿದೆ. ಆದರೂ ಅದು ನಿಂತಿದ್ದ ಗೋಡೆಯಲ್ಲಿ ಅದರ ಆಕಾರ ಮಸುಕಾಗಿ ಕಾಣುತ್ತದೆ. ಇನ್ನೊಂದು ಕೈ ಹೊಡೆಯುತ್ತೇನೆ ಎಂದ ಕುಳ್ಳ. ನಾನೇ, ಇರಲಿ ಬಿಡು, ಮೇಸ್ತ್ರಿಗೆ ಗುರುತಿನವರು ಬೇಕು ಎಂದೆ. ಹೊಸಿಲು ಕೆತ್ತಿ ನೆಲದ ಮಟ್ಟಕ್ಕೆ ಮಾಡಿಸಿದ್ದೇನೆ, ಬಚ್ಚಲಿಗೆ ನಾಲ್ಕೇ ಹೆಜ್ಜೆ. ಟೇಪು ಹಿಡಿದು ಅಳೆದೆ, ನಮ್ಮ ದೊಡ್ಡ ಮಂಚ ಹಿಡಿದು ನಾಲ್ಕು ಬೆರಳು ಮಿಗುತ್ತದೆ. ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಕಳಿಸುತ್ತೇನೆ ಎಂದಿದ್ದಾರೆ. ಇಪ್ಪತ್ತನಾಲ್ಕಕ್ಕೆ ಬೆಳಗ್ಗೆ ಕುಳ್ಳನ ವ್ಯಾನು ಅಲ್ಲಿಯ ಗೇಟಿನಲ್ಲಿ ನಿಂತಿರುತ್ತದೆ. ಅವನು ಇಳಿದು ಬಂದು ಕರೆಯುವುದಿಲ್ಲ, ಹೆದರುತ್ತಾನೆ, ನೀವೇ ಹೋಗಿ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂರಿ. ಯಾವ ಫಾರಂಗೂ ಸಹಿ ಹಾಕಬೇಡಿ. ನಿನ್ನೆ ಮಂಚ ಕೆಳಗಿಳಿಸಿದೆವು. ನಿಮ್ಮ ದಿಂಬು ಗೋಡೆಯ ಕಡೆ ಇದೆ, ಬಾಗಿಲ ಕಡೆ ನನ್ನದು.