ಕಿವಿಯ ಮಷೀನು ಹಂಚಿದ ದಿನ

ಅಪ್ಪಾ,

ಇಂದು ಬೆಳಿಗ್ಗೆ ನಿಮ್ಮ ಹೆಸರಿನ ನೆರವು ನಿಧಿಯಿಂದ ಊರಿನ ವಯಸ್ಸಾದವರಿಗೆ ಕಿವಿಯ ಮಷೀನು ಹಂಚಿದೆವು. ಸಾಯುವ ಮುಂಚೆ ನೀವೇ ಬರೆದಿಟ್ಟ ಆಸೆ ಅದು. ಸಾಲಿನಲ್ಲಿ ಮೊದಲು ಕೂತಿದ್ದವರು ನಮ್ಮ ತಗಡಿನ ಡಬ್ಬಿ ಕಾರ್ಖಾನೆಯ ಹಳೇ ಮೇಸ್ತ್ರಿ. ಅವರ ಹಿಂದೆ ಕೂತಿದ್ದವರೂ ಬಹುತೇಕ ನಮ್ಮ ಕೆಲಸಗಾರರೇ.

ಡಾಕ್ಟರು ಮಷೀನು ಕೂರಿಸಿದ ಮೇಲೆ ನಾನು ಬಗ್ಗಿ, "ಕೇಳಿಸ್ತಾ ಮಾಮ?" ಅಂದೆ.

ಅವರ ಮುಖ ಅರಳಿತು. "ನಿನ್ನ ದನಿ ಥೇಟ್ ನಿಮ್ಮಮ್ಮಂದೇ ಕಣಮ್ಮ!"

"ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ," ಅಂದೆ.

ಅವರು ಮಷೀನನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ತಗಡು ಒತ್ತೋ ಪ್ರೆಸ್ಸಿನ ಸದ್ದಿಗೆ ಕಿವಿ ಗುಂಯ್ ಅನ್ನುತ್ತೆ, ಮುಚ್ಚಿಕೊಳ್ಳೋಕೆ ಏನಾದ್ರೂ ಕೊಡಿಸಿ ಅಂತ ನಿಮ್ಮಪ್ಪನ್ನ ಎಷ್ಟೋ ಸಲ ಕೇಳಿದ್ದೆ. ಕಿವಿ ಮುಚ್ಚಿಕೊಂಡ್ರೆ ನನ್ನ ಮಾತು ಯಾರಯ್ಯಾ ಕೇಳ್ತಾರೆ ಅಂತ ನಕ್ಕುಬಿಟ್ರು. ನಿನ್ನನ್ನ ಮಾತ್ರ ಪ್ರೆಸ್ಸಿನ ಹತ್ರ ಸುಳಿಯೋಕೂ ಬಿಡ್ತಿರಲಿಲ್ಲ. ಮಗು ಕಿವಿ ಹೋಗುತ್ತೆ, ಹೊರಗೆ ಕರ್ಕೊಂಡು ಹೋಗು ಅಂತ ನನಗೇ ಹೇಳೋರು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನೀವು ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದದ್ದನ್ನು ಮುದ್ದು ಎಂದುಕೊಂಡೇ ಬೆಳೆದವಳು ನಾನು. ನಿಮಗೆ ಎಲ್ಲ ಗೊತ್ತಿತ್ತು, ಅಪ್ಪಾ.

ಅಷ್ಟರಲ್ಲಿ ತಮ್ಮ ನನ್ನನ್ನು ವೇದಿಕೆಗೆ ಕರೆದ. ನಿಮ್ಮ ಬಗ್ಗೆ ಬರೆದುಕೊಂಡಿದ್ದ ಭಾಷಣ ಕೈಯಲ್ಲೇ ಇತ್ತು. ಅದನ್ನು ಮಡಚಿ ಇಡಬಹುದಿತ್ತು. ಇಡಲಿಲ್ಲ. ಕೆಲಸಗಾರರನ್ನು ಹೆತ್ತ ಮಕ್ಕಳಂತೆ ನೋಡಿಕೊಂಡವರು ನನ್ನಪ್ಪ ಎಂದು ಒಂದಕ್ಷರವೂ ಬಿಡದೆ ಓದಿದೆ. ಮೇಸ್ತ್ರಿ ಮಾಮ ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.