ದಾನಮ್ಮನಿಗೆ ಹೇಳದ ಪಾಠ

ಇಳಕಲ್, ೯ ಫೆಬ್ರುವರಿ ೧೯೭೮, ಗುರುವಾರ

ದಾನಮ್ಮನ ಹೃದಯ ಮೆಟ್ರಿಕ್ ಪರೀಕ್ಷೆಯವರೆಗೂ ತಾಳುವುದಿಲ್ಲ ಎಂದು ಡಾಕ್ಟರು ಹೇಳಿ ತಿಂಗಳಾಯಿತು. "ಪಾಠ ನಿಲ್ಲಸಬ್ಯಾಡ್ರಿ ಮಾಸ್ತರ, ನಿಲ್ಲಿಸಿದ್ರ ಆಕಿಗೆ ಗೊತ್ತಾಗತೈತಿ" ಎಂದು ಅವಳಪ್ಪ ಕಾಶಪ್ಪ ಬೇಡಿಕೊಂಡಿದ್ದ. ಅಂದಿನಿಂದ ಗಣಿತ, ಇಂಗ್ಲಿಷು, ಇತಿಹಾಸ ಎಲ್ಲವನ್ನೂ ಅವಳ ಹಾಸಿಗೆಯ ಪಕ್ಕ ಕೂತೇ ಹೇಳಿಕೊಡುತ್ತಿದ್ದೇನೆ.

ಇಂದು ಸಂಜೆ ವಿಜ್ಞಾನದ ಪುಸ್ತಕ ತೆರೆದೊಡನೆ ಕೇಳಿದಳು, "ಹೃದಯದ ಪಾಠ ಯಾಕ ಬಿಟ್ರಿ ಸರ? ಪರೀಕ್ಷಾಕ್ಕ ಬರ್ತೈತಲ್ರಿ."

ನಾನು ಪುಸ್ತಕದ ಹಾಳೆ ತಿರುವತೊಡಗಿದೆ.

"ನೀವು ಅದನ್ನ ದಾಟಿಸಿದಾಗನ ನನಗ ತಿಳೀತ್ರಿ. ಅಪ್ಪಗ ಹೇಳಬ್ಯಾಡ್ರಿ. ಈಗ ಪಾಠ ಮಾಡ್ರಿ."

ಮಾಡಿದೆ. ಅವಳು ಚಿತ್ರ ಬರೆದು ಭಾಗಗಳನ್ನು ಗುರುತಿಸಿದಳು. ಒಂದೂ ತಪ್ಪಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಕಾಶಪ್ಪ ಮೆಲ್ಲಗೆ ಕೇಳಿದ, "ಆಕಿಗೆ ಏನೂ ಗೊತ್ತಾಗಿಲ್ಲಲ್ರಿ?"

"ಇಲ್ಲ" ಎಂದೆ. ಅವನು ಸಮಾಧಾನದಿಂದ ನನ್ನ ಕೈ ಹಿಡಿದುಕೊಂಡ. ನಾಳೆ ಇಂಗ್ಲಿಷಿದೆ. ಹೋಗಲೇಬೇಕು.